ಅರ್ಜುವಿನ ಹಣೆಯ ಮೇಲೆ ಲ್ಯಾಂಕಷೈರ್

ಶಿವರಾತ್ರಿ ಮುಗಿದಿತ್ತು. ಚಳಿ ಶಿವಶಿವಾ ಎಂದು ಓಡಿಹೋಗಿತ್ತು. ಅವತ್ತು ಮುಂಜಾನೆ ಹುನಗುಂದದಲ್ಲಿ ಸೂರ್ಯ ಹುಟ್ಟಿದ್ದೇ ಸಿಟ್ಟಿನಿಂದ. ಗಾಳಿ ಇಲ್ಲ. ಬೇವಿನ ಎಲೆ ಅಲುಗಲಿಲ್ಲ. ಆ ಕಾವಿನಲ್ಲಿ ತಣ್ಣಗಿದ್ದದ್ದು ಒಂದೇ...

ನನ್ನ ಕುತ್ತಿಗೆಗೆ ತಾಗಿದ್ದ ಕುಡುಗೋಲು!

ಅದರ ಹಿಡಿಕೆ ಅರ್ಜುವಿನ ಕೈಯಲ್ಲಿತ್ತು. ಕಲ್ಲಿನ ಲಾರಿಗಳ ಅರ್ಜು. ಅವನು ಕೆಮ್ಮಿದರೆ ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ರಿವರ್ಸ್ ಹೋಗುತ್ತದೆ ಅಂತಾರೆ ಮಂದಿ.

"ದೇವರ ಜಗಲಿಗೆ ಕೈ ಹಾಕ್ತಿಯೇನಲೇ ದುಂಡ್ಯಾ?"

"ಅರ್ಜಣ್ಣಾ... ಅದು ವಿಭೂತಿ ಅಲ್ರಿ."

"ಮತ್ತೇನು?"

"ಚೀಸು."

ಕುಡುಗೋಲು ಒಂದು ಕೂದಲೆಳೆ ಒಳಗೆ ಬಂತು.

ಇಲ್ಲಿಗೆ ಹೇಗೆ ಬಂದೆ? ಹೇಳ್ತೇನಿ, ಕೇಳ್ರಿ.

ನಾನು ದುಂಡೇಶ. ಊರು ಬಾದಾಮಿ. ಕಳೆದದ್ದನ್ನು ಹುಡುಕಿ ಕೊಡುವುದು ನನ್ನ ದಂಧೆ. ಎಮ್ಮೆ, ಮೊಬೈಲು, ಮನೆ ಬಿಟ್ಟು ಹೋದ ಅಳಿಯ... ಏನು ಕಳೆದರೂ! ದಿನಾ ಬನಶಂಕರಿಗೆ ಕೈಮುಗಿದೇ ಗಾಡಿಗೆ ಕಿಕ್ ಹೊಡೆಯುತ್ತೇನೆ. ಹುಡುಕುವವನು ನಾನು. ಸಿಗುವ ಹಾಗೆ ಮಾಡುವವಳು ಅವಳು.

ಅವತ್ತು ಮುಗಿದ ಕೈ ಬಿಡಿಸುವಷ್ಟರಲ್ಲಿ ಫೋನ್ ಬಂತು. ಮಹೇಶ್ವರಿ. ಬಾದಾಮಿಯಲ್ಲಿ ಅವಳದೊಂದು ಸಣ್ಣ ಹೋಮ್‌ಸ್ಟೇ.

"ದುಂಡೇಶಣ್ಣಾ, ಲಗೂನ ಬಾ! ಮನಿ ಮರ್ಯಾದಿ ಹೋಗೂ ಹೊತ್ತು!"

ಹೋದೆ. ಪಡಸಾಲೆಯಲ್ಲಿ ಒಬ್ಬ ಬಿಳಿ ಸಾಹೇಬ ಕೆಂಪಗೆ ಉರಿಯುತ್ತಿದ್ದ. ಇಂಗ್ಲೆಂಡಿನವನು, ಪುಸ್ತಕದ ಕನ್ನಡ ಮಾತಾಡುವವನು. ಹೆಸರು ಎಂಟ್‌ವಿಸಲ್.

ಎಂಟು ವಿಸಲ್! ಅಷ್ಟು ಕೂಗಿದರೆ ನಮ್ಮಲ್ಲಿ ತೊಗರಿಬೇಳೆ ಗಂಜಿಯಾಗುತ್ತದೆ. ಈತ ಆಗಲೇ ಏಳು ಕೂಗಿದ್ದ.

"ನನ್ನ ಮೂರು ಚೀಸು ಕಳುವಾಗಿವೆ! ಚೆಷೈರ್! ವೆನ್ಸ್ಲಿಡೇಲ್! ಲ್ಯಾಂಕಷೈರ್!"

"ಎಂಥಾವ್ರಿ ನೋಡಾಕ?"

"ಮೂರೂ ಬಿಳಿ. ಮೂರೂ ಪುಡಿಯಾಗುವಂಥವು."

"ಹಂಗಾದ್ರ ಮೂರೂ ಒಂದ ಅಲ್ರೇನು?"

ತಪ್ಪು ಮಾತು! ಅಮೀನಗಡದವರ ಮುಂದೆ ಗೋಕಾಕದ ಕರದಂಟು ಇಟ್ಟು 'ಎರಡೂ ಒಂದೇ' ಅಂದ ಹಾಗೆ. ಎಂಟನೇ ವಿಸಲ್ ಬಿತ್ತು.

"ಚೆಷೈರ್ ಒಣ ಪುಡಿ, ಉಪ್ಪು ಮುಂದು! ವೆನ್ಸ್ಲಿಡೇಲ್ ಸೌಮ್ಯ, ಹಿಂದಿನಿಂದ ಜೇನು! ಲ್ಯಾಂಕಷೈರ್ ಒಂದೇ ದಿನದ್ದಲ್ಲ, ಎರಡು ಮೂರು ದಿನದ ಹೆಪ್ಪು ಕೂಡಿಸಿ ಮಾಡಿದ್ದು. ಬೆಣ್ಣೆ! ಕಾವು ತಾಗಿದರೆ ಕರಗುತ್ತದೆ. ನನ್ನ ಕಣ್ಣು ಕಟ್ಟಿಬಿಡು. ಹಲ್ಲಿಗೆ ತಾಗಿದರೆ ಸಾಕು, ಯಾವುದೆಂದು ಹೇಳುತ್ತೇನೆ!"

ಆಮೇಲೆ ದನಿ ಇಳಿಸಿದ.

"ಲ್ಯಾಂಕಷೈರ್ ನನ್ನ ತಾಯಿಯ ಊರಿನದು. ಮಧ್ಯಾಹ್ನದ ಊಟಕ್ಕೆ ಅದು ಬರಬೇಕು. ಇಲ್ಲದಿದ್ದರೆ ಪೊಲೀಸ್. ಇಂಟರ್ನೆಟ್ಟಿನಲ್ಲಿ ರಿವ್ಯೂ... ಕಳ್ಳರ ಮನೆ ಅಂತ!"

ಮಹೇಶ್ವರಿ ಸೆರಗು ಕಚ್ಚಿದಳು. ಆ ಒಂದು ಸಾಲು ಬಂದರೆ ಹೋಮ್‌ಸ್ಟೇಗೆ ಬೀಗ.

"ಎಲ್ಲಿ ಇಟ್ಟಿದ್ರಿ?"

"ಇಲ್ಲೇ ಟೇಬಲ್ಲಿನ ಮೇಲೆ. ನಸುಕಿನಲ್ಲೇ ಫ್ರಿಜ್ಜಿನಿಂದ ತೆಗೆದೆ. ತಣ್ಣಗಿದ್ದರೆ ರುಚಿ ಇಲ್ಲ. ಬಿಳಿ ಬಟ್ಟೆಯಲ್ಲಿ ಕಟ್ಟಿತ್ತು."

ನಾನು ಮಹೇಶ್ವರಿಯ ಕಡೆ ತಿರುಗಿದೆ. "ನಸುಕಿನ್ಯಾಗ ಯಾರರೆ ಮನಿ ಬಿಟ್ಟು ಹೋದ್ರೇನು?"

"ನಮ್ಮತ್ತಿ ಅಷ್ಟ. ಇಲಕಲ್ಲಿಗೆ, ಮೊದಲನೇ ಬಸ್ಸಿಗೆ. ಟೇಬಲ್ ಮ್ಯಾಲಿನ ತಮ್ಮ ವಿಭೂತಿ ಗಂಟು ತಗೊಂಡು..."

ಮಾತು ಅರ್ಧಕ್ಕೇ ನಿಂತಿತು.

ವಿಭೂತಿ ಗಟ್ಟಿ. ಬಿಳಿ. ಒತ್ತಿದರೆ ಪುಡಿ. ಬಿಳಿ ಬಟ್ಟೆಯ ಗಂಟು!

"ಅಯ್ಯ ಶಿವನ!" ಅಂದಳು.

"ಸಾಹೇಬ್ರ, ಟೇಬಲ್ ಮ್ಯಾಲೆ ಇನ್ನೊಂದು ಗಂಟು ಉಳಿದಿತ್ತೇನ್ರಿ?"

"ಇಲ್ಲ!" ಸಾಹೇಬ ಮುಖ ತಿರುಗಿಸಿದ. ಗಟಗಟ ನೀರು ಕುಡಿದ. ಇನ್ನೊಂದು ಗ್ಲಾಸು ತುಂಬಿಕೊಂಡ.

ಬಾಯಾರಿಕೆ ಭಾಳ... ಅಂದುಕೊಂಡೆ. ಗಾಡಿ ಹತ್ತಿದೆ.

ಗುಳೇದಗುಡ್ಡ ಹಿಂದೆ ಬಿತ್ತು. ಅಮೀನಗಡ ಹಿಂದೆ ಬಿತ್ತು. ಹುನಗುಂದ ದಾಟಿದೆ. ಇಲಕಲ್ಲಿನ ಓಣಿಯಲ್ಲಿ ಮಗ್ಗದ ಸದ್ದು ಏಳುವ ಹೊತ್ತಿಗೆ ಮಹೇಶ್ವರಿಯ ಅತ್ತೆ ಸಂಗವ್ವನ ಬಾಗಿಲಲ್ಲಿದ್ದೆ. ಅವಳು ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದಳು. ಹಣೆ ತುಂಬ ಮೂರು ಬಿಳಿ ಪಟ್ಟಿ. ಪಟ್ಟಿಯ ಸುತ್ತ ನೊಣ.

"ಬಾ ತಮ್ಮಾ. ಈ ಸಲದ ವಿಭೂತಿ ಯಾಕೋ ಹಸಿ ಐತಿ ನೋಡು."

ಜಗಲಿಯ ಮೇಲೆ ಎರಡೇ ಗಟ್ಟಿ. ಒಂದನ್ನು ಚಿವುಟಿ ಬಾಯಿಗೆ ಹಾಕಿದೆ. ಪುಡಿ... ಉಪ್ಪು! ಚೆಷೈರ್! ಇನ್ನೊಂದನ್ನು ಚಿವುಟಿದೆ. ಸೌಮ್ಯ... ಜೇನು! ವೆನ್ಸ್ಲಿಡೇಲ್!

"ಹುಚ್ಚಪ್ಪಾ! ವಿಭೂತಿ ತಿಂತಿಯೇನೋ?"

"ಆಯಿ, ಇದು ಚೀಸು. ಹಾಲಿಂದು. ಗಂಟು ಅದಲಿಬದಲಿ ಆಗೇತಿ."

ಅವಳು ಹಣೆ ಮುಟ್ಟಿಕೊಂಡಳು. ಬೆರಳು ಮೂಸಿದಳು. ಒಂದು ಗಳಿಗೆ ಕಣ್ಣು ಮುಚ್ಚಿದಳು.

"ಇರಲಿ ಬಿಡು. ಬೂದಿನೂ ಆಕಳದ್ದ, ಇದೂ ಆಕಳದ್ದ. ಶಿವ ಹಣಿ ನೋಡೂದಿಲ್ಲ, ಒಳಗ ನೋಡ್ತಾನ."

ಎಂಥ ಸಮಾಧಾನ! ನನಗೆ ಅದಕ್ಕೂ ಪುರುಸೊತ್ತಿರಲಿಲ್ಲ.

"ಮೂರನೇದು?"

"ಹುನಗುಂದ ಸ್ಟ್ಯಾಂಡಿನ್ಯಾಗ ಅರ್ಜು ಕಾಲಿಗೆ ಬಿದ್ದ. ಭಾಳ ಭಕ್ತಿ ಅವಂಗ. ಒಂದ ಕೊಟ್ಟೆ."

ಅರ್ಜು! ನನ್ನ ಬಾಯಿಯ ಜೇನು ಒಣಗಿತು.

"ಹಂಗಾರ ನನ್ನ ಖರೆ ವಿಭೂತಿ ಎಲ್ಲೈತೋ?" ಸಂಗವ್ವ ಕೂಗಿದಳು. "ಕಳದಿದ್ದು ಹುಡುಕೂದ ನಿನ್ನ ದಂಧಿ ಅಲ್ಲೇನು?"

"ತಂದು ಕೊಡ್ತೇನಿ ಆಯಿ!"

ಮಾತು ಕೊಟ್ಟೆ. ಎರಡೂ ಗಟ್ಟಿ ಚೀಲಕ್ಕೆ ಹಾಕಿದೆ. ಗಾಡಿ ತಿರುಗಿಸಿದೆ.

ಹೀಗೆ ಬಂದೆ ನೋಡಿ... ಕುಡುಗೋಲಿನ ಬಾಯಿಗೆ.

ಅರ್ಜುವಿನ ಅಂಗಳದಲ್ಲಿ ಬಿಸಿಲು ರಾಚುತ್ತಿತ್ತು. ಅವನ ಹಣೆಯ ಮೂರು ಪಟ್ಟಿ ಕರಗಿ, ಹುಬ್ಬು ದಾಟಿ, ಮೂಗಿನ ಬದಿಯಿಂದ ಮೀಸೆಗೆ ಇಳಿಯುತ್ತಿದ್ದವು. ಅವನ ಮಂದಿ ಸುತ್ತ ನಿಂತಿದ್ದರು. ಎಲ್ಲರಿಗೂ ಕಾಣುತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇಲ್ಲ.

ಕರಗುತ್ತಿದೆ... ಅಂದರೆ ಲ್ಯಾಂಕಷೈರೇ!

"ಅರ್ಜಣ್ಣಾ, ಒಂದ ಮಾತು. ಆಮ್ಯಾಲೆ ಕಡೀರಿ."

"ಬೊಗಳು."

"ಮೀಸಿ ನೆಕ್ಕಿಕೊಳ್ರಿ."

"ಏನಂದಿ?!"

"ಒಮ್ಮೆ... ಒಮ್ಮೆ ಅಷ್ಟ!"

ಅಂಗಳ ಉಸಿರು ಹಿಡಿಯಿತು. ಅರ್ಜುವಿನ ನಾಲಿಗೆ ಮೆಲ್ಲಗೆ ಹೊರಗೆ ಬಂತು. ಮೀಸೆಯ ಬಲ ತುದಿ. ನಡುವೆ. ಎಡ ತುದಿ.

ಅವನ ಕಣ್ಣು ತಾವಾಗಿಯೇ ಮುಚ್ಚಿದವು.

"ಬೆಣ್ಣಿ..."

ಕುಡುಗೋಲು ಕೆಳಗಿಳಿಯಿತು. ಅವನು ತನ್ನ ಮಂದಿಯತ್ತ ತಿರುಗಿ ಕೆಮ್ಮಿದ. ಅಂಗಳ ಖಾಲಿ! ಜಗಲಿಯಿಂದ ಗಟ್ಟಿ ತಂದು ನನ್ನ ಕೈಗಿಟ್ಟ. ಮೇಲೆ ಮೂರು ಬೆರಳಿನ ಗೆರೆ.

"ಯಾರ ಮುಂದರೆ ಬಾಯಿ ಬಿಟ್ಟಿ..."

"ಕಲ್ಲಾಗೇನಿ ಬಿಡ್ರಿ."

"ದುಂಡ್ಯಾ..." ದನಿ ಸಣ್ಣದಾಯಿತು. "ಬಿಸಿ ರೊಟ್ಟಿ ಜೋಡಿ ಹೆಂಗಿರತೈತೋ ಇದು? ಒಂಚೂರು ಬಿಟ್ಟು ಹೋಗ್ತಿಯೇನು?"

ಬಿಟ್ಟೆ. ಕುಡುಗೋಲು ಇನ್ನೂ ಅವನ ಕೈಯಲ್ಲೇ ಇತ್ತಲ್ಲ!

ಹುನಗುಂದದಿಂದ ನನ್ನ ಹಿಂದೆ ಬಿದ್ದವರು ಅವನ ಮಂದಿಯಲ್ಲ. ನಾಯಿಗಳು! ಚೀಲದ ವಾಸನೆ ಹಿಡಿದು ಊರ ಹೊರಗಿನ ಹಳ್ಳದವರೆಗೂ ಅಟ್ಟಿದವು. ಹೆಸರು ಹೇಳಿಕೊಡದೆಯೂ ಅವಕ್ಕೆ ಗೊತ್ತಿತ್ತು, ಚೀಸು ಯಾವುದೆಂದು.

ಊಟದ ಹೊತ್ತಿಗೆ ಬಾದಾಮಿ. ಮಹೇಶ್ವರಿ ಮೂರರ ಮೇಲ್ಮೈಯನ್ನೂ ನೀಟಾಗಿ ಕೆತ್ತಿ ತಾಟಿನಲ್ಲಿಟ್ಟಳು. ಸಾಹೇಬ ಲ್ಯಾಂಕಷೈರನ್ನು ಬಿಸಿ ರೊಟ್ಟಿಯ ಮೇಲಿಟ್ಟ. ಅದು ಕರಗಿತು. ಅವನೂ ಕರಗಿದ. ಕಣ್ಣೊರೆಸಿಕೊಂಡು, ಅಲ್ಲೇ ಫೋನ್ ತೆಗೆದು ಬರೆದ... ದೇವರಂಥ ಜನರ ಮನೆ!

ಮಹೇಶ್ವರಿ ಉಸಿರು ಬಿಟ್ಟಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಸಂಗವ್ವನಿಗೆ ಕೊಟ್ಟ ಮಾತು ಬಾಕಿ. ಖರೆ ವಿಭೂತಿ ಎಲ್ಲಿ?

ಪಕ್ಕದಲ್ಲಿ ಹೆಜ್ಜೆ ಸದ್ದು. ಎಂಟ್‌ವಿಸಲ್ ಸಾಹೇಬ. ಆ ಕಡೆ ಈ ಕಡೆ ನೋಡಿದ. ಕೋಟಿನೊಳಗಿಂದ ಒಂದು ಬಿಳಿ ಗಂಟು ತೆಗೆದು, ಸದ್ದಿಲ್ಲದೆ ನನ್ನ ತೊಡೆಯ ಮೇಲಿಟ್ಟ.

ಬಿಚ್ಚಿದೆ. ಮೂರು ವಿಭೂತಿ ಗಟ್ಟಿ. ಒಂದರ ಮೂಲೆಯಲ್ಲಿ ಸಾಲಾಗಿ ಹಲ್ಲಿನ ಗುರುತು!

"ಚೆಷೈರ್ ಅಂದುಕೊಂಡೆ," ಅಂದ. ವಿಸಲ್ ಒಂದೂ ಇರಲಿಲ್ಲ.

ನಾನು ಗಂಟು ಮತ್ತೆ ಕಟ್ಟಿದೆ. ಪಾಪ... ಆ ನಸುಕಿನಲ್ಲಿ ಅವನ ಕಣ್ಣು ಕಟ್ಟುವವರು ಯಾರೂ ಇರಲಿಲ್ಲ ನೋಡ್ರಿ!