ಸೀ-ಸಾ ಮೇಲಿನ ಸೂಟ್‌ಕೇಸು

"ಇಪ್ಪತ್ಮೂರು!" ಎಂದು ರದ್ದಿ ಅಂಗಡಿಯವನು ಕೂಗಿದ. "ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿ ಇಲ್ಲ!"

ಅಮ್ಮನ ನೀಲಿ ಸೂಟ್‌ಕೇಸು ಅವನ ತೂಕದ ಕೊಕ್ಕೆಗೆ ನೇತುಬಿದ್ದು, ಬಾವಲಿಯ ಹಾಗೆ ಮೆಲ್ಲಗೆ ತಿರುಗುತ್ತಿತ್ತು. ವಿಮಾನದಲ್ಲಿ ಒಯ್ಯಲು ಬಿಡುತ್ತಿದ್ದದ್ದು ಇಪ್ಪತ್ಮೂರು ಕೆಜಿ ಮಾತ್ರ. ಅಪ್ಪ ಚಪ್ಪಾಳೆ ತಟ್ಟಿದ.

"ಪ್ಯಾಕ್ ಮಾಡಿದ್ದು ಯಾರು ಅಂದ್ಕೊಂಡ್ರಿ?" ಎಂದು ದೊಡ್ಡಮ್ಮ ಮೂಗು ಮೇಲೆತ್ತಿದಳು. ದೊಡ್ಡಮ್ಮ ಅಮ್ಮನ ಅಕ್ಕ. ಒಂದು ಸಲ ಹದಿನೈದು ದಿನ ವಿದೇಶಕ್ಕೆ ಹೋಗಿ ಬಂದಿದ್ದಳು. ಆಮೇಲಿನಿಂದ ವಿಮಾನವನ್ನು ತಾನೇ ಓಡಿಸಿದವಳ ಹಾಗೆ ಮಾತಾಡುತ್ತಿದ್ದಳು.

ಅಮ್ಮ ನಾಳೆ ಬೆಳಿಗ್ಗೆ ಹೊರಡುವವಳು. ಹದಿನಾಲ್ಕು ವರ್ಷ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದವಳಿಗೆ ದೂರದೇಶದ ದೊಡ್ಡ ಕೋಟಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಎರಡು ವರ್ಷ. ಮೊದಲ ದಿನವೇ ಒಂದು ಕೋಟು ಕತ್ತರಿಸಿ ತೋರಿಸಬೇಕು. ಪಾಸಾದರೆ ಕತ್ತರಿ ಹಿಡಿಯುವ ಮೇಜು, ಇಲ್ಲದಿದ್ದರೆ ಕಸ ಗುಡಿಸುವ, ಗುಂಡಿ ಹಚ್ಚುವ ಕೆಲಸ.

ಇದು ಮಗಳು ಗುಂಡಿಗೆ ಗೊತ್ತಿತ್ತು. ಅವಳ ಹೆಸರೇ ಗುಂಡಿ. ಹುಟ್ಟಿದಾಗ ಅವಳ ಕಣ್ಣು ಅಂಗಿಯ ಗುಂಡಿಯಷ್ಟೇ ದುಂಡಗಿತ್ತಂತೆ. ಅಮ್ಮ ಕರೆದಳು, ಊರೆಲ್ಲ ಹಿಡಿದುಕೊಂಡಿತು.

ಗುಂಡಿಗೆ ಒಂದೇ ಚಿಂತೆ. ಅಮ್ಮನಿಗೆ 'ಬೇಡ', 'ಆಗಲ್ಲ' ಎನ್ನಲು ಬಾರದು. ಯಾರು ಏನು ಹೇಳಿದರೂ "ಆಯ್ತು ಬಿಡಿ" ಎನ್ನುವಳು. ಅಲ್ಲಿ ಎಲ್ಲರೂ ಸೇರಿ ಅಮ್ಮನ ಕೈಗೆ ಪೊರಕೆ ಕೊಟ್ಟರೆ? ಆಗಲೂ ಇವಳು "ಆಯ್ತು ಬಿಡಿ" ಎಂದರೆ?

ಸೂಟ್‌ಕೇಸನ್ನು ಎಳೆದುಕೊಂಡು ಮನೆಗೆ ಹೊರಟರು. ದಾರಿಯಲ್ಲಿ ದೊಡ್ಡಮ್ಮ ಶುರು ಮಾಡಿದಳು.

"ಈ ರದ್ದಿಯವನಿದಾನಲ್ಲ, ಮಹಾ ಪಾಕಡಾ. ಹೋದ ತಿಂಗಳು ಹತ್ತು ಕೆಜಿ ಪೇಪರ್ ಹಾಕಿದ್ರೆ ಎಂಟೂವರೆ ಅಂದ. ನಾನು ದಿನಸಿ ಅಂಗಡೀಲಿ ತೂಗಿಸ್ಕೊಂಡೇ ಹೋಗಿದ್ದೆ! ಅವನ ತಕ್ಕಡೀಲಿ ಆನೆ ತಂದು ನಿಲ್ಸಿದ್ರೂ ಆಡಿನ ಮರಿಯಷ್ಟೇ ತೂಗುತ್ತೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಂಡಿ ಮಾತ್ರ ರಸ್ತೆಯಲ್ಲೇ ನಿಂತುಬಿಟ್ಟಳು.

"ದೊಡ್ಡಮ್ಮ, ಹಾಗಾದ್ರೆ ನಮ್ಮ ಸೂಟ್‌ಕೇಸು?"

ನಗು ಅಲ್ಲಿಗೇ ನಿಂತಿತು. ಅಪ್ಪ ಸೂಟ್‌ಕೇಸನ್ನು ನೋಡಿದ. ಸೂಟ್‌ಕೇಸು ಏನೂ ಗೊತ್ತಿಲ್ಲದ ಹಾಗೆ ನಿಂತಿತ್ತು.

"ಅಯ್ಯೋ ದೇವರೇ," ಎಂದಳು ಅಮ್ಮ. "ಏರ್‌ಪೋರ್ಟಲ್ಲಿ ಜಾಸ್ತಿ ಬಂದ್ರೆ ಅಲ್ಲೇ ಬಿಚ್ಚಿ ಎಸೀಬೇಕು!"

ದಿನಸಿ ಅಂಗಡಿಯ ತಕ್ಕಡಿ ಹತ್ತು ಕೆಜಿಗಿಂತ ಹೆಚ್ಚು ತೂಗುತ್ತಿರಲಿಲ್ಲ. ಬೇರೆ ತಕ್ಕಡಿ ಯಾರ ಹತ್ತಿರವೂ ಇರಲಿಲ್ಲ. ಸಂಜೆ ನಾಲ್ಕು ಗಂಟೆ ಆಗಿತ್ತು.

ಗುಂಡಿ ಒಂದು ನಿಮಿಷ ಉಗುರು ಕಚ್ಚಿದಳು. ಆಮೇಲೆ ಬಂದ ದಾರಿಯಲ್ಲೇ ಓಡಿದಳು.

"ಅಂಕಲ್, ಒಂದು ಲೀಟರಿನ ಖಾಲಿ ಬಾಟ್ಲಿ ಇಪ್ಪತ್ತೆರಡು ಬೇಕು."

"ಯಾಕಮ್ಮ?" ಎಂದ ರದ್ದಿಯವನು.

"ಸೂಟ್‌ಕೇಸು ಇನ್ನೊಂದ್ಸಲ ತೂಗಬೇಕು."

"ನಾನು ಈಗಷ್ಟೇ ತೂಗಿದ್ನಲ್ಲ!"

ಗುಂಡಿ ದುಂಡು ಕಣ್ಣಿನಲ್ಲಿ ಅವನನ್ನೇ ನೋಡಿದಳು. ಅವನು ಕೊಕ್ಕೆಯ ಕಡೆ ನೋಡಿದ, ಕೆಮ್ಮಿದ, ಕಿವಿ ತುರಿಸಿಕೊಂಡ. "ತಗೋ ಮರಿ, ಎಷ್ಟು ಬೇಕೋ ತಗೋ. ಮುಚ್ಚಳ ಇರೋದೇ ಆರಿಸ್ಕೊ," ಎಂದು ತಾನೇ ಚೀಲ ಬಿಚ್ಚಿದ.

ಮನೆಯ ಹಿಂದಿನ ಪಾರ್ಕಿನಲ್ಲಿ ಮಕ್ಕಳು ಏರಿಳಿದು ಆಡುವ ಒಂದು ಸೀ-ಸಾ ಹಲಗೆ ಇತ್ತು. ಗುಂಡಿ ನಲ್ಲಿಯಲ್ಲಿ ಬಾಟಲಿಗಳನ್ನು ತುಂಬಿ, ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಅಪ್ಪನ ಕೈಯಲ್ಲಿ ಒಂದು ತುದಿಗೆ ಇಡಿಸಿದಳು.

"ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ಟೀಚರ್ ಹೇಳಿದಾರೆ," ಎಂದಳು.

"ಇಪ್ಪತ್ತೆರಡೇ ಇದೆಯಲ್ಲೇ?" ಎಂದ ಅಪ್ಪ.

"ಖಾಲಿ ಬಾಟ್ಲಿಗಳ ತೂಕ, ಬೆಡ್‌ಶೀಟಿನ ತೂಕ ಯಾರು ಲೆಕ್ಕ ಹಾಕ್ತಾರೆ? ಅದೆಲ್ಲ ಸೇರಿದ್ರೆ ಇನ್ನೊಂದು ಕೆಜಿ."

ಅಪ್ಪ ಬಾಯಿ ಮುಚ್ಚಿಕೊಂಡು ಸೂಟ್‌ಕೇಸನ್ನು ಎತ್ತಿ ಇನ್ನೊಂದು ತುದಿಯಲ್ಲಿಟ್ಟ.

ಧೊಪ್! ಸೂಟ್‌ಕೇಸು ನೆಲಕ್ಕೆ ಕೂತಿತು. ಬಾಟಲಿಗಳು ಆಕಾಶ ನೋಡಿದವು.

ಅಮ್ಮ ಮಂಡಿಯೂರಿ ಜಿಪ್ ಎಳೆದಳು. ಒಳಗೆ ದೊಡ್ಡಮ್ಮ ಕೊಟ್ಟ ಕುಕ್ಕರ್ ಇತ್ತು. ಅಪ್ಪ ಕೊಟ್ಟ ದಪ್ಪ ಕಂಬಳಿ ಇತ್ತು. ಅಮ್ಮನ ಕೈ ಅವೆರಡನ್ನೂ ದಾಟಿ ತಳಕ್ಕೆ ಹೋಯಿತು. ದಾರ ಕಟ್ಟಿದ ರಟ್ಟಿನ ಕಟ್ಟನ್ನು ಹೊರಗೆ ಎಳೆಯಿತು.

ಅವು ಅಮ್ಮನ ಪ್ಯಾಟರ್ನುಗಳು. ತೋಳಿಗೊಂದು, ಬೆನ್ನಿಗೊಂದು, ಕಾಲರಿಗೊಂದು. ಈ ರಟ್ಟುಗಳನ್ನು ಬಟ್ಟೆಯ ಮೇಲಿಟ್ಟು ಸುತ್ತ ಚಾಕ್ ಎಳೆದೇ ಅಮ್ಮ ಕತ್ತರಿ ಹಾಕುತ್ತಿದ್ದಳು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಅವಳ ಸಣ್ಣ ಅಕ್ಷರ: 'ಭುಜ ಇಳಿದವರಿಗೆ ಅರ್ಧ ಇಂಚು', 'ಬೆನ್ನು ಬಾಗಿದವರಿಗೆ ಇಲ್ಲಿ ಬಿಡು'.

ಅದನ್ನು ತೆಗೆದದ್ದೇ ತಡ, ಸೀ-ಸಾ ಕಿರ್ ಎಂದು ಎದ್ದು ಸಮವಾಗಿ ನಿಂತಿತು.

"ಸರಿಹೋಯ್ತು!" ಎಂದ ಅಪ್ಪ.

"ಹೋಗ್ಲಿ ಬಿಡಿ," ಎಂದಳು ಅಮ್ಮ. ಅವಳ ಹೆಬ್ಬೆರಳು ಮಾತ್ರ ಕಾಲರಿನ ರಟ್ಟಿನ ಅಂಚನ್ನು ಸವರುತ್ತಲೇ ಇತ್ತು.

ಗುಂಡಿ ಆ ಕಟ್ಟನ್ನು ಕಸಿದುಕೊಂಡು ಸೂಟ್‌ಕೇಸಿಗೆ ವಾಪಸ್ ತುರುಕಿದಳು. ಧೊಪ್!

"ಇದಲ್ಲ ತೆಗೀಬೇಕಾಗಿರೋದು."

"ರಟ್ಟು ಕಣೇ ಅದು," ಎಂದಳು ದೊಡ್ಡಮ್ಮ. "ಅಲ್ಲಿ ರಟ್ಟು ಸಿಗಲ್ವಾ?"

"ರಟ್ಟು ಸಿಗುತ್ತೆ ದೊಡ್ಡಮ್ಮ. ಅಮ್ಮನ ಕಾಲರ್ ಸಿಗಲ್ಲ. ಮೊದಲನೇ ದಿನ ಕೋಟ್ ಕತ್ತರಿಸು ಅಂತಾರೆ. ಬಟ್ಟೆ ಮೇಲೆ ಕುಕ್ಕರ್ ಇಟ್ಟು ಚಾಕ್ ಎಳೀಬೇಕಾ ಅಮ್ಮ?"

ಅಪ್ಪ ಕಿಸಕ್ಕನೆ ನಕ್ಕ. ದೊಡ್ಡಮ್ಮನ ಮುಖ ನೋಡಿ, ನಗುವನ್ನು ಕೆಮ್ಮು ಮಾಡಿಕೊಂಡ.

"ನಾನು ಆಸೆಪಟ್ಟು ಕೊಟ್ಟಿದ್ದು," ಎಂದು ದೊಡ್ಡಮ್ಮ ತಂಗಿಯ ಕಡೆ ತಿರುಗಿದಳು. "ನೀನೇ ಹೇಳೇ, ಬೇಕೋ ಬೇಡ್ವೋ?"

ಗುಂಡಿ ಅಮ್ಮನನ್ನು ನೋಡಿದಳು. ಈಗ 'ಆಯ್ತು ಬಿಡು' ಬರುತ್ತದೆ ಎಂದುಕೊಂಡಳು. ಅಮ್ಮ ರಟ್ಟಿನ ಕಟ್ಟನ್ನು ನೋಡಿದಳು, ಅಕ್ಕನನ್ನು ನೋಡಿದಳು, ಉಗುಳು ನುಂಗಿದಳು.

"ಬೇಡ ಅಕ್ಕ," ಎಂದಳು.

ಸಣ್ಣ ದನಿ. ಆದರೂ ಎಲ್ಲರಿಗೂ ಕೇಳಿಸಿತು. ಹೇಳಿದ ಅಮ್ಮನಿಗೇ ಆಶ್ಚರ್ಯವಾದಂತೆ ಕಂಡಿತು.

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಬೇಡ ಅಂದ್ರೆ ಬೇಡ! ಅಷ್ಟು ಹೇಳೋಕೆ ನಲವತ್ತು ವರ್ಷ ತಗೊಂಡ್ಯಲ್ಲೇ, ಮಹಾರಾಯ್ತಿ!" ಎಂದು ಬಗ್ಗಿ ತಾನೇ ಕುಕ್ಕರನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡಳು. "ನನ್ನ ಕುಕ್ಕರಿಗೂ ಸೀಟಿ ಸವೆದಿದೆ. ಇದನ್ನ ನಾನೇ ಇಟ್ಕೋತೀನಿ."

ಸೂಟ್‌ಕೇಸು ಅರ್ಧ ಎದ್ದಿತು. ಇನ್ನೂ ಸಾಲದು.

"ರೀ, ಕಂಬಳೀನೂ ಬೇಡ," ಎಂದಳು ಅಮ್ಮ. ಈ ಸಲ ಉಗುಳು ನುಂಗಲಿಲ್ಲ. "ರೂಮಲ್ಲಿ ಕಂಬಳಿ ಕೊಡ್ತೀವಿ ಅಂತ ಅವರೇ ಬರೆದಿದಾರೆ."

ಅಲ್ಲಿಯವರೆಗೆ ನಗುತ್ತಿದ್ದ ಅಪ್ಪ ಈಗ ಮರದ ಕೊಂಬೆ ಎಣಿಸತೊಡಗಿದ. ಕಂಬಳಿ ಹೊರಗೆ ಬಂತು. ಬಾಟಲಿಗಳು ಇಳಿದವು. ಸೂಟ್‌ಕೇಸು ಒಂದು ಗೇಣು ಮೇಲೆದ್ದು ನಿಂತಿತು.

"ಹೋ!" ಎಂದು ಗುಂಡಿ ಕುಣಿದಳು. ಪಾರ್ಕಿನಲ್ಲಿ ಆಡುತ್ತಿದ್ದ ಹುಡುಗರೆಲ್ಲ, ಯಾಕೆಂದು ಗೊತ್ತಿಲ್ಲದೆಯೇ, "ಹೋ!" ಎಂದು ಕೂಗಿದರು.

ಮರುದಿನ ಏರ್‌ಪೋರ್ಟಿನ ಕೌಂಟರಿನಲ್ಲಿ ಕೆಂಪು ಅಂಕಿಗಳು ಓಡಿ ಓಡಿ ನಿಂತವು. ಇಪ್ಪತ್ತೆರಡು ಪಾಯಿಂಟ್ ಆರು. ಗುಂಡಿ ಅಪ್ಪನ ಕೈಯನ್ನು ಎಷ್ಟು ಜೋರಾಗಿ ಹಿಂಡಿದಳೆಂದರೆ ಅವನು "ಅಯ್ಯಪ್ಪಾ" ಎಂದ.

ಸಾಲಿನಲ್ಲಿ ಹಿಂದೆ ನಿಂತಿದ್ದವನು ಮುಂದೆ ಬಾಗಿದ. ಅವನ ಪೆಟ್ಟಿಗೆ ಬಸುರಿ ಬೆಕ್ಕಿನಂತೆ ಉಬ್ಬಿತ್ತು. "ಅಕ್ಕಾ, ನಿಮ್ಮದರಲ್ಲಿ ಇನ್ನೂ ಜಾಗ ಇದೆಯಲ್ಲ. ಈ ಒಂದು ಸಣ್ಣ ಪೊಟ್ಟಣ ಇಟ್ಕೊಂಡುಬಿಡಿ. ಇಳಿದ ಮೇಲೆ ಇಸ್ಕೋತೀನಿ."

ಅಪ್ಪ ಕಣ್ಣು ಮುಚ್ಚಿದ. ಅವನಿಗೆ ಅಮ್ಮ ಗೊತ್ತಲ್ಲ.

"ಆಗಲ್ಲಪ್ಪ," ಎಂದಳು ಅಮ್ಮ. ಸಿಟ್ಟಿಲ್ಲ, ಸಂಕೋಚವೂ ಇಲ್ಲ. ಹೇಳಿ ತಿರುಗಿ, ತನ್ನ ಟಿಕೆಟ್ಟಿಗೆ ಕೈ ಚಾಚಿದಳು.

ಸೂಟ್‌ಕೇಸು ಪಟ್ಟಿಯ ಮೇಲೆ ಜಾರಿ, ರಬ್ಬರಿನ ಪರದೆಯ ಆಚೆ ಹೋಯಿತು.

ಗೇಟಿನ ಹತ್ತಿರ ಅಮ್ಮ ಬಗ್ಗಿ ಗುಂಡಿಯ ಕೆನ್ನೆ ಹಿಡಿದಳು. "ಹೆದರ್ಕೊಂಡಿದೀಯೇನೇ?"

ಗುಂಡಿ ತನ್ನೊಳಗೆಲ್ಲ ಹುಡುಕಿ ನೋಡಿದಳು. ಅಳು ಇತ್ತು, ಸ್ವಲ್ಪ ಅಲ್ಲ, ಬೇಕಾದಷ್ಟಿತ್ತು. ತಿಂಗಳಿಂದ ಹೊಟ್ಟೆಯಲ್ಲಿ ಕೂತಿದ್ದ ಆ ಹೆದರಿಕೆ ಮಾತ್ರ ಎಲ್ಲೂ ಸಿಗಲಿಲ್ಲ.

"ಇಲ್ಲಮ್ಮ," ಎಂದಳು. "ಬೇಗ ಹೋಗು. ಕೋಟ್ ಕತ್ತರಿಸ್ಬೇಕಲ್ಲ."