ಹೂಜಿಯಲ್ಲಿ ಸೆರೆಯಾದ ಹೊಳೆ

ಬಹಳ ಹಿಂದೆ, ಇಂಗ್ಲೆಂಡಿನಲ್ಲಿ ಗುಡ್ಡಕ್ಕೊಬ್ಬ ರಾಜನಿದ್ದ ಕಾಲದಲ್ಲಿ, ವಿಲೋಬೆಕ್ ಎಂಬ ಪುಟ್ಟ ಹಳ್ಳಿಯಿತ್ತು. ಹುಲ್ಲು ಹೊದಿಸಿದ ಮೂವತ್ತು ಮನೆ, ಒಂದು ಕಲ್ಲಿನ ಚರ್ಚು, ಸುತ್ತಲೂ ಹಸಿರು ದಿಬ್ಬ, ನಡುವೆ ಒಂದು ಹೊಳೆ. ಹೊಳೆ ಗಿರಣಿಯ ಚಕ್ರ ತಿರುಗಿಸುತ್ತಿತ್ತು; ಗಿರಣಿ ಊರಿಗೆಲ್ಲ ಹಿಟ್ಟು ಕೊಡುತ್ತಿತ್ತು.

ಒಂದು ದಿನ ಗ್ರಿಮ್‌ವಾಲ್ಡ್ ಎಂಬ ಮಾಂತ್ರಿಕ ಬಂದ. ಹೊಳೆಯನ್ನು ಚಾಪೆಯಂತೆ ಸುರುಳಿ ಸುತ್ತಿ, ಹೂಜಿಗೆ ತುಂಬಿಕೊಂಡು ಬೋಳುಗುಡ್ಡಕ್ಕೆ ಹೊರಟುಹೋದ. ಬಿಡಿಸಿ ತರುತ್ತೇನೆಂದು ಹೋದ ಗಿರಣಿಯ ಆಸ್ವಿನ್ ಮರಳಲಿಲ್ಲ. ಅವನ ಹಿಂದೆ ಹೋದ ಎಂಟು ಜನರೂ ಮರಳಲಿಲ್ಲ. ಆಗ ಆಸ್ವಿನನ ಮಗಳು, ಕುರಿ ಕಾಯುವ ಮಿಲ್ಡ್ರೆಡ್, ಉಣ್ಣೆಯ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೇಡ ಮಗಳೇ, ಹೋದವರ್‍ಯಾರೂ ಬಂದಿಲ್ಲ," ಎಂದಳು ಅಜ್ಜಿ.

"ಅಪ್ಪ ಅಲ್ಲೇ ಇದ್ದಾನಲ್ಲ ಅಜ್ಜಿ," ಎಂದು ಅವಳು ಹೊರಟಳು.

ಮೊದಲು ಮುಳ್ಳುಬೇಲಿ ಅಡ್ಡ ಬಂತು. ಕಡಿದಷ್ಟೂ ಅದು ಎತ್ತರ ಬೆಳೆಯಿತು. ಮಿಲ್ಡ್ರೆಡ್ ಕಡಿಯುವುದನ್ನೇ ಬಿಟ್ಟಳು. ಮೊಲ ನುಸುಳುವ ಕಿಂಡಿ ಹುಡುಕಿ, ತೆವಳಿಕೊಂಡು ಆಚೆ ಹೋದಳು.

ಆಮೇಲೆ ಮನೆಯಷ್ಟು ದೊಡ್ಡ ಟಗರು ಅಡ್ಡ ಬಂತು. ಅದರ ಮೂಗಿನಿಂದ ಕಿಡಿ ಹಾರುತ್ತಿತ್ತು. ನೂರು ವರ್ಷದ ಉಣ್ಣೆ ಬೆಳೆದು ಅದರ ಕಣ್ಣೇ ಮುಚ್ಚಿಹೋಗಿತ್ತು. ಮಿಲ್ಡ್ರೆಡ್ ಹತ್ತಿರ ಹೋಗಿ, "ಎಷ್ಟು ಸೆಕೆಯೋ ನಿನಗೆ, ಪಾಪ. ಅಲ್ಲಾಡಬೇಡ," ಎಂದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಉಣ್ಣೆ ಕತ್ತರಿಸಿದಳು. ಟಗರು ಆಕಾಶ ನೋಡಿತು, ಮಂಡಿಯೂರಿ ಅವಳನ್ನು ಬೆನ್ನ ಮೇಲೆ ಹತ್ತಿಸಿಕೊಂಡಿತು.

ಗುಡ್ಡದ ತುದಿಯಲ್ಲಿ ಒಂಬತ್ತು ಕಲ್ಲುಗಳು ವೃತ್ತವಾಗಿ ನಿಂತಿದ್ದವು. ಒಂದು ಕಲ್ಲಿನ ಹೆಗಲು ಅಪ್ಪನ ಹೆಗಲಿನಂತೆಯೇ ಬಾಗಿತ್ತು. ಅವಳಿಗೆ ಎಲ್ಲವೂ ಅರ್ಥವಾಯಿತು.

ನಡುವೆ ಕೂತಿದ್ದ ಗ್ರಿಮ್‌ವಾಲ್ಡ್ ಮೂರು ಹೂಜಿ ತೋರಿಸಿದ. "ಒಂದರಲ್ಲಿ ಹೊಳೆಯಿದೆ. ಅದನ್ನು ಒಡೆದರೆ ಹೊಳೆ ನಿನ್ನದು. ತಪ್ಪಿದರೆ ನೀನು ಹತ್ತನೆಯ ಕಲ್ಲು."

ಮೂರೂ ಒಂದೇ ಬಣ್ಣ, ಒಂದೇ ತೂಕ. ಮಿಲ್ಡ್ರೆಡ್ ಟಗರಿನ ಕಿವಿ ಸವರಿ, "ನಿನಗೆ ಬಾಯಾರಿದೆ ಅಲ್ಲವೇ?" ಎಂದಳು. ಟಗರು ಮೂರನ್ನೂ ಮೂಸಿತು. ನಡುವಿನ ಹೂಜಿಯ ಮುಂದೆ ನಿಂತು ನಾಲಗೆ ಚಾಚಿತು.

"ಪ್ರಾಣಿಯನ್ನು ಕೇಳುವ ಹಾಗಿಲ್ಲ," ಎಂದು ಮಾಂತ್ರಿಕ ಮೇಲೆದ್ದ.

"ಹಾಗಂತ ನೀನು ಹೇಳಿರಲಿಲ್ಲ," ಎಂದು ಅವಳು ಕತ್ತರಿಯಿಂದ ಹೂಜಿಗೆ ಹೊಡೆದಳು.

ಹೊಳೆ ಭೋರ್ಗರೆದು ಹೊರಬಂತು. ನೀರು ತಾಗಿದ್ದೇ ತಡ ಗ್ರಿಮ್‌ವಾಲ್ಡ್ ಕಪ್ಪೆಯಾಗಿ ಕೊಚ್ಚಿಹೋದ. ನೀರು ತಾಗಿದ ಕಲ್ಲುಗಳು ಒಂದೊಂದಾಗಿ ಉಸಿರೆಳೆದುಕೊಂಡು ಮನುಷ್ಯರಾದವು. ಆಸ್ವಿನ್ ಮಗಳನ್ನು ನೋಡಿ ಅವಳ ತಲೆ ನೇವರಿಸಿದ.

ಒಂಬತ್ತು ಜನರೂ ಹೊಳೆಯ ಜೊತೆಗೇ ಇಳಿದು ಬಂದರು. ಗದ್ದಲ ಕೇಳಿ ಊರಿಗೆ ಊರೇ ದಡಕ್ಕೆ ಓಡಿತು. ಆ ವಾರ ಯಾರ ಮನೆಯಲ್ಲೂ ಒಲೆ ಆರಲಿಲ್ಲ, ಯಾರ ಬಾಗಿಲೂ ಮುಚ್ಚಲಿಲ್ಲ. ಅಂದಿನಿಂದ ವಿಲೋಬೆಕ್‌ನವರು ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನೂರು ಕಾಲ ಸುಖವಾಗಿ ಬಾಳಿದರು.