ಬುಟ್ಟಿಯ ಕೆಳಗಿನ ಹೆಜ್ಜೆ

ಸೊಲ್ಲಾಪುರದ ಕೋರ್ಟಿನಲ್ಲಿ ನಾನು ಕಾಲಿಟ್ಟರೆ ಸಾಕು, ವಕೀಲರೆಲ್ಲ ಎದ್ದು ನಿಲ್ಲುತ್ತಾರೆ. ಇದರಲ್ಲಿ ಅರ್ಧ ಸುಳ್ಳು. ಎದ್ದು ನಿಲ್ಲುವುದು ಖರೆ, ಆದರೆ ಅದು ಅವರು ಚಹಾಕ್ಕೆ ಹೊರಡುವ ಹೊತ್ತು. ಬಾವಿಯ ಪಾಲಿಗಾಗಿ ನನ್ನ ಮೈದುನ ಹೂಡಿದ ಖಟ್ಲೆ ಎಷ್ಟು ಕಾಲ ನಡೆಯಿತೆಂದರೆ, ಅಷ್ಟರಲ್ಲಿ ಬಾವಿ ಬತ್ತಿತು, ಮೈದುನ ಸತ್ತ, ಕೋರ್ಟಿನ ಮುಂದಿನ ಬೇವಿನ ಗಿಡ ಮುದಿಯಾಗಿ ಮತ್ತೆ ಹರೆಯಕ್ಕೆ ಬಂತು. ಎರಡನೇ ಇಯತ್ತೆ ದಾಟದ ನಾನು ಆ ಗಿಡದ ಕಟ್ಟೆಯ ಮೇಲೆ ಕೂತು, ವಕೀಲರ ಮಾತಿಗೆ ಕಿವಿಗೊಟ್ಟು, ಅಷ್ಟಿಷ್ಟು ಕಾಯದೆ ಕಲಿತೆ. ಅದು ಕೆಲಸಕ್ಕೆ ಬಂದದ್ದು ಅಕ್ಕಲಕೋಟದಲ್ಲಿ, ನನ್ನ ಪಕ್ಕದ ಮನೆಯಲ್ಲಿ, ಸತ್ತವಳು ತಿರುಗಿ ಬಂದ ದಿನ.

ಸತ್ತವಳು ಗುರುಲಿಂಗಮ್ಮ, ನನ್ನ ಜೊತೆಗಾತಿ. ಅವಳ ಕೊರಳಲ್ಲಿ ಯಾವಾಗಲೂ ಒಂದು ಬೋರಮಾಳ ಇರುತ್ತಿತ್ತು, ಬೋರೆಹಣ್ಣಿನಂಥ ಬಂಗಾರದ ಗುಂಡುಗಳ ಸರ. ಸ್ನಾನಕ್ಕೂ ತೆಗೆದವಳಲ್ಲ. ಹೆಣಕ್ಕೆ ನೀರು ಹಾಕಲು ನಾನೇ ಸೆರಗು ಸರಿಸಿದೆ. ಕೊರಳು ಬರಿದು. ಸರ ಕೂತಿದ್ದ ಜಾಗದಲ್ಲಿ ಬಿಳಿ ಗೆರೆಯೊಂದು ಉಳಿದಿತ್ತು, ಅಷ್ಟೇ.

ಮನೆಯಲ್ಲಿದ್ದವರು ನಾಲ್ವರು. ಮಗ ಸಿದ್ಧರಾಮ. ಅವನ ಹೆಂಡತಿ ಶೈಲಶ್ರೀ. ಗುರುಲಿಂಗಮ್ಮನ ಮದುವೆಯಾದ ಮಗಳು ದೀಪಾಲಿ — ಸೊಲ್ಲಾಪುರದ ಕಾರ್ಖಾನೆಯಲ್ಲಿ ದಿನವಿಡೀ ಬೂಟು ಹಾಕಿಕೊಂಡು ಯಂತ್ರ ನೋಡಿಕೊಳ್ಳುವವಳು, ಅವ್ವನ ಜಡ್ಡು ಹೆಚ್ಚಾಯಿತೆಂದು ಬಂದು ಉಳಿದಿದ್ದಳು. ನಾಲ್ಕನೆಯವಳು ತಡವಳದ ಮನಿಷಾ, ಮುದುಕಿಯನ್ನು ಮೀಯಿಸಿ ಉಣಿಸಿ ನೋಡಿಕೊಳ್ಳಲು ಇಟ್ಟುಕೊಂಡ ಹುಡುಗಿ. ಅವಳಿಗೆ ಸೊಲ್ಲಾಪುರದಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ಮೈಮೇಲೆ ಕಳ್ಳತನದ ಕೇಸು ಬಿದ್ದರೆ ಆ ಸೀಟು ಯಾರು ಕೊಟ್ಟಾರು?

ನಮ್ಮ ಕಡೆ ಒಂದು ರೂಢಿ. ಜೀವ ಹೋದ ಜಾಗದಲ್ಲಿ ಸಂಜೆ ದೀಪ ಹಚ್ಚಿಟ್ಟು, ಪಕ್ಕದಲ್ಲಿ ಜೋಳದ ಹಿಟ್ಟು ದಪ್ಪಗೆ ಹರವಿ, ಮೇಲೆ ಬುಟ್ಟಿ ಕವುಚುತ್ತೇವೆ. ಬೆಳಗ್ಗೆ ಎತ್ತಿದಾಗ ಹಿಟ್ಟಿನಲ್ಲಿ ಗುರುತು ಮೂಡಿರುತ್ತದೆ. ಹಕ್ಕಿಯ ಕಾಲು ಕಂಡರೆ ಸತ್ತವರು ಹಕ್ಕಿಯಾದರು, ಗೊರಸು ಕಂಡರೆ ಆಕಳಾದರು ಎನ್ನುತ್ತಾರೆ. ನನ್ನ ಗಂಡನ ಬುಟ್ಟಿ ಎತ್ತಿದಾಗ ಇರುವೆ ಸಾಲು ಹರಿದಿತ್ತು. ಬದುಕಿದ್ದಾಗಲೂ ಸಕ್ಕರೆ ಡಬ್ಬಿಗೆ ಕೈಹಾಕುತ್ತಿದ್ದ ಮನುಷ್ಯ, ನನಗೆ ಆಶ್ಚರ್ಯವಾಗಲಿಲ್ಲ.

ಗುರುಲಿಂಗಮ್ಮನ ಬುಟ್ಟಿ ಎತ್ತಿದಾಗ ಮಾತ್ರ ನೆರೆದ ಓಣಿಯೇ ಹಿಂದೆ ಸರಿಯಿತು. ಗಾಳಿ ಇರಲಿಲ್ಲ, ಆದರೂ ದೀಪ ಬಗ್ಗಿತು. ಹಿಟ್ಟಿನಲ್ಲಿ ಮನುಷ್ಯರ ಹೆಜ್ಜೆ. ಒಂದೇ ಒಂದು. ಬಲಗಾಲು. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಮುದುಕಿ ನೆಲದೊಳಗಿಂದ ಎದ್ದು, ಒಂದು ಕಾಲೂರಿ, ಮತ್ತೆ ನೆಲದೊಳಗೇ ಇಳಿದಂತೆ.

"ಅತ್ತಿ ಬಂದಾರ," ಎಂದಳು ಶೈಲಶ್ರೀ. "ತಮ್ಮ ಬಂಗಾರ ಹುಡಕ್ಕೋತ ಬಂದಾರ."

ಹೆಜ್ಜೆಯ ಬೆರಳುಗಳು ಅಡುಗೆಮನೆಯ ಮೂಲೆಗೆ ಮುಖ ಮಾಡಿದ್ದವು. ಮನಿಷಾ ಮಲಗುವ ಮೂಲೆ. ಗೂಟಕ್ಕೆ ಅವಳ ಚೀಲ ತೂಗುತ್ತಿತ್ತು. ಸಿದ್ಧರಾಮ ಹೋಗಿ ಚೀಲ ತಂದು ಎಲ್ಲರೆದುರು ಕೊಡವಿದ. ಮಡಚಿದ ಓಢಣಿಯಿಂದ ಒಂದು ಬಂಗಾರದ ಗುಂಡು ಉರುಳಿ, ಹಿಟ್ಟಿನ ಅಂಚಿಗೆ ಬಂದು ನಿಂತಿತು.

ನನ್ನ ಮೈಕೂದಲು ಎದ್ದು ನಿಂತದ್ದನ್ನು ಎಣಿಸಬಹುದಿತ್ತು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನಾನೂ ನಂಬಿದೆ. ಮಠದ ಅಯ್ಯನವರು ಬಂದು ನೋಡುವ ತನಕ ಯಾರೂ ಮುಟ್ಟಬಾರದೆಂದು ಬುಟ್ಟಿಯನ್ನು ಮತ್ತೆ ಕವುಚಿದರು.

ಮಧ್ಯಾಹ್ನ ಹೋದರೆ ಸಿದ್ಧರಾಮ ಮನಿಷಾಳ ಮುಂದೆ ಒಂದು ಹಾಳೆ ಇಟ್ಟು ಕೂತಿದ್ದ. 'ಕದ್ದವಳು ನಾನೇ' ಎಂದು ಅದರಲ್ಲಿ ಅವಳ ಹೆಸರಿನಲ್ಲಿ ಅವನೇ ಬರೆದಿದ್ದ. ಸಹಿ ಮಾಡಿ ಸರ ತಂದುಕೊಟ್ಟರೆ ಪೊಲೀಸರ ಮಾತೇ ಇಲ್ಲವಂತೆ. ಹುಡುಗಿ ಪೆನ್ನು ಹಿಡಿದಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಕದ್ದೀಯೇನ?"

"ಇಲ್ಲ ಆಯಿ."

"ಮತ್ತ ಸಹಿ ಯಾಕ?"

"ಮಾಡಿದ್ರ ಬಿಡ್ತಾರಂತ."

"ಇವತ್ತ ಬಿಡ್ತಾರ. ನಾಳಿಗಿ ಇದೇ ಹಾಳಿ ಹಿಡಕೊಂಡು ನಿನ್ನ ಸಾಲಿ ಬಾಗಿಲಿಗಿ ಬರ್ತಾರ. ಮಾಡಲಾರದ್ದಕ್ಕ ಸಹಿ ಹಾಕಬ್ಯಾಡ."

ಸಿದ್ಧರಾಮನಿಗೆ ಸಿಟ್ಟು ಬಂತು. ಹಾಗಾದರೆ ಕಾಯದೆಯ ಪ್ರಕಾರವೇ ಆಗಲಿ ಎಂದು ಫೋನು ಮಾಡಿದ. ಹವಾಲ್ದಾರ ಭೀಮಶಾ ಬಂದಾಗ ಹೊತ್ತು ಗೋಡೆಯ ಮೇಲೆ ಇಳಿದಿತ್ತು. ಎಲ್ಲ ಕೇಳಿಕೊಂಡ. ಹುಡುಗಿಯನ್ನು ಠಾಣೆಗೆ ಕರೆದೊಯ್ದು ವಿಚಾರಿಸುತ್ತೇನೆ ಎಂದ. ನಾನು ಹೊಸ್ತಿಲಿಗೆ ಅಡ್ಡ ಕೂತೆ. ನಾನು ಕೂತರೆ ಎಬ್ಬಿಸಲು ಎರಡು ಜೋಡಿ ಎತ್ತು ಬೇಕು, ಇಡೀ ಓಣಿಗೆ ಗೊತ್ತಿದ್ದ ಮಾತು.

"ಸಾಹೇಬ್ರ, ಹೊತ್ತು ಮುಣಗಾಕತ್ತದ. ಮುಣಗಿದ ಮ್ಯಾಲ ಹೆಣ್ಮಗಳನ್ನ ಹಿಡದು ಒಯ್ಯಾಕ ಬರ್ತದೇನ್ರಿ? ಹೆಣ್ಣು ಪೊಲೀಸ್ ಎಲ್ಲಿ ಅದಾಳ? ಮ್ಯಾಜಿಸ್ಟ್ರೇಟರ ಪರವಾನಗಿ ಎಲ್ಲದ?"

ಭೀಮಶಾ ನಕ್ಕ. ಒಳ್ಳೆಯ ಮನುಷ್ಯ, ಹೊಟ್ಟೆ ಮಾತ್ರ ಸರಕಾರದ್ದು. "ಖರೇ ಅದ ಕಾಕು," ಎಂದು ಟೋಪಿ ತೆಗೆದು ಅಲ್ಲೇ ಕೂತ. ನಾನು ಮನಿಷಾಳ ಕಡೆ ತಿರುಗಿ ಉಳಿದದ್ದನ್ನೂ ಹೇಳಿದೆ: ಪೊಲೀಸರ ಮುಂದೆ ಹೆದರಿ ಒಪ್ಪಿಕೊಂಡರೆ ಕೋರ್ಟು ಅದನ್ನು ತಪ್ಪೊಪ್ಪಿಗೆ ಎಂದು ಹಿಡಿಯುವುದಿಲ್ಲ, ಹೆಣ್ಣುಮಕ್ಕಳಿಗೆ ಸರಕಾರವೇ ಬಿಟ್ಟಿ ವಕೀಲರನ್ನು ಕೊಡುತ್ತದೆ, ಕೇಳಬೇಕು ಅಷ್ಟೇ. ಅವಳ ಅಳು ನಿಂತಿತು.

ಭೀಮಶಾ ಒಬ್ಬೊಬ್ಬರನ್ನೇ ಕೇಳಿದ. ರಾತ್ರಿ ಬಾಗಿಲು ಹಾಕಿದವರು ಯಾರು? ಸಿದ್ಧರಾಮ. ಹೊರಗಿನವರು ಬಂದರೇ? ಇಲ್ಲ, ಚಿಲಕ ಹಾಗೇ ಇತ್ತು. ಯಾರಾದರೂ ಎದ್ದಿದ್ದಿರಾ? ಯಾರೂ ಇಲ್ಲ. ಸರಕ್ಕಾಗಿ ಮೊದಲು ಜಗಳವಾಗಿತ್ತೇ? ಸಿದ್ಧರಾಮ ತಂಗಿಯ ಮುಖ ನೋಡಿದ. ಸರ ನಿನಗೇ ಎಂದು ಅವ್ವ ಮಾತು ಕೊಟ್ಟಿದ್ದಳು, ಕದಿಯುವ ಗರಜು ನನಗೇನು ಎಂದಳು ದೀಪಾಲಿ.

ಕೊನೆಗೆ ಹೆಜ್ಜೆ ತೋರಿಸಿ ಎಂದ. ಬುಟ್ಟಿ ಎತ್ತಲು ಯಾರ ಕೈಯೂ ಮುಂದೆ ಬರಲಿಲ್ಲ. ನಾನೇ ಎತ್ತಿದೆ.

ಪಡುವಣ ಕಿಟಕಿಯಿಂದ ಬಿಸಿಲು ನೆಲಕ್ಕೆ ಒರಗಿ ಬರುತ್ತಿತ್ತು. ಬೆಳಗ್ಗೆ ಮಾಡಿನ ಬೆಳಕಿಂಡಿಯಿಂದ ನೇರ ಬಿದ್ದ ಬೆಳಕಿನಲ್ಲಿ ಹೆಜ್ಜೆ ಒಂದೇ ಸಮನೆ ಬೆಳ್ಳಗಿತ್ತು. ಈಗ ಸಣ್ಣ ಸಣ್ಣ ತಗ್ಗಿನಲ್ಲೂ ನೆರಳು ತುಂಬಿ, ಸತ್ತವಳ ಕಾಲು ನಮ್ಮ ಕಣ್ಣೆದುರೇ ಹಿಟ್ಟಿನೊಳಗಿಂದ ಮೇಲೇಳುತ್ತಿರುವಂತೆ ಕಂಡಿತು. ಹಿಮ್ಮಡಿ. ಅಂಗಾಲು. ಬೆರಳು. ಹೆಬ್ಬೆರಳಿನ ಪಕ್ಕದ ಬೆರಳಿನ ಬುಡದಲ್ಲಿ ಅಡ್ಡಕ್ಕೊಂದು ಗೀರು, ದಾರ ಬಿಗಿದಷ್ಟು ಸಣ್ಣದು.

ನನಗೆ ಬೆವರು ಬಂತು. ಆಮೇಲೆ ನಗು ಬಂತು.

"ಭೀಮಶಾ, ಇಲ್ಲಿ ಬಗ್ಗಿ ನೋಡು. ಆ ಗೀರು ಯಾತರದ್ದು?"

ಅವನು ಮೂಗು ಹಿಟ್ಟಿಗೆ ತಾಗುವಷ್ಟು ಬಗ್ಗಿದ. "ಕಾಲುಂಗುರದ್ದು ಅನಸ್ತದ."

"ಗುರುಲಿಂಗಮ್ಮ ವಿಧವಿ. ಗಂಡ ಸತ್ತ ದಿವಸ ಆಕಿ ಕಾಲುಂಗುರ ತಗದಾಕಿ ನಾನ. ಸತ್ತ ಮ್ಯಾಲ ಮತ್ತೊಂದು ಮದವಿ ಆಗ್ಯಾಳೇನು?"

ನಾನು ಒಬ್ಬೊಬ್ಬರ ಕಾಲನ್ನೇ ನೋಡುತ್ತ ಹೋದೆ. ಮನಿಷಾಗೆ ಮದುವೆಯಾಗಿಲ್ಲ, ಬೆರಳು ಬೋಳು. ಬೂಟಿನಲ್ಲಿ ಒತ್ತುತ್ತದೆಂದು ದೀಪಾಲಿ ಕಾಲುಂಗುರ ತೆಗೆದಿಟ್ಟು ಬಹಳ ಕಾಲವಾಗಿತ್ತು; ಅದಕ್ಕಾಗಿ ಅವ್ವನಿಂದ ತಿಂದ ಬೈಗಳು ನಮ್ಮ ಮನೆಗೂ ಕೇಳಿಸುತ್ತಿದ್ದವು. ನನ್ನ ಬೆರಳಲ್ಲಿ ಇರುವುದು ಬರೀ ಹಳೆಯ ತಗ್ಗು. ಆ ಮನೆಯಲ್ಲಿ ಕಾಲುಂಗುರದ ಕಾಲು ಒಬ್ಬಳದೇ ಉಳಿಯಿತು. ಶೈಲಶ್ರೀ ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡಳು.

"ಬಲಗಾಲಿನ ಉಂಗುರ ತಗಿಯವ್ವಾ. ಅದರ ಒಳಗ ಹಿಟ್ಟು ಹತ್ತಿರಬೇಕು, ನೋಡೂಣು."

"ಹ್ಯಾಂಗ ತಗೀಲಿ ಕಾಕು?" ಅವಳು ಪಾದ ಹಿಂದಕ್ಕೆ ಸರಿಸಿದಳು. "ಗಂಡ ಜೀವಂತ ಅದಾರ."

"ಅದಕ ರಾತ್ರಿನೂ ತಗೀಲಿಲ್ಲ ನೀ."

ಅತ್ತೆಯ ಕೊರಳಿಗೆ ಕೈಹಾಕಿದಳು, ಸತ್ತವಳ ಹೆಜ್ಜೆ ಹಾಕಿದಳು, ಬಡವರ ಹುಡುಗಿಯ ಚೀಲದಲ್ಲಿ ಗುಂಡು ಇಟ್ಟಳು. ಇಷ್ಟೆಲ್ಲ ಮಾಡಿದ ಹೆಂಗಸಿಗೆ, ಒಂದು ಗಳಿಗೆ ಕಾಲುಂಗುರ ತೆಗೆದರೆ ಗಂಡನಿಗೆ ಕೇಡಾದೀತೆಂಬ ಹೆದರಿಕೆ ಮಾತ್ರ ದಾಟಲಾಗಲಿಲ್ಲ.

ಭೀಮಶಾ ಸರ ಎಲ್ಲಿದೆ ಎಂದು ಕೇಳಿದ. ಅವಳು ಸೆರಗು ಸರಿಸಿದಳು. ಬೋರಮಾಳ ಕೊರಳಲ್ಲೇ ಇತ್ತು, ರವಿಕೆಯ ಒಳಗೆ, ಮೈಗೆ ಅಂಟಿಕೊಂಡು. ಅತ್ತೆಯ ಉಚ್ಚೆ ಬಟ್ಟೆ ಒಗೆದವಳು ನಾನು, ಮನಿಷಾ ಬಂದದ್ದು ಮೊನ್ನೆ ಮೊನ್ನೆ, ಆದರೂ ಸರ ಮಗಳಿಗೆ ಎಂದರು — ಅಳುತ್ತ ಅವಳು ಹೇಳಿದ್ದು ಇಷ್ಟು. ಅದು ಸುಳ್ಳಲ್ಲ. ಕಾಯದೆಯೂ ಅವಳ ಕಡೆ ಇಲ್ಲ: ಮೃತ್ಯುಪತ್ರ ಬರೆಯದೆ ತಾಯಿ ಸತ್ತರೆ ಬಂಗಾರ ಮಗನಿಗೂ ಮಗಳಿಗೂ ಸಮ, ಸೊಸೆಗೆ ಒಂದು ಗುಂಡೂ ಇಲ್ಲ. ಸತ್ತವಳೇ ಬಂದು ಕಳ್ಳಿಯನ್ನು ತೋರಿಸಿದಳೆಂದರೆ ಮುಂದೆ ಯಾರೂ ಹುಡುಕುವುದಿಲ್ಲ ಎಂದುಕೊಂಡಿದ್ದಳು.

ಆಮೇಲೆ ನನ್ನ ಹತ್ತಿರ ಸರಿದು, ನನಗೆ ಮಾತ್ರ ಕೇಳುವಂತೆ ಇನ್ನೊಂದು ಮಾತು ಹೇಳಿದಳು.

"ಕಾಕು, ನಾ ಕಾಲು ಇಡೂ ಮದಲ ಹಿಟ್ಟು ಬೆಚ್ಚಗಿತ್ರಿ. ಆಗಷ್ಟ ಯಾರೋ ಕಾಲು ಎತ್ತಿಧಾಂಗ."

ದೀಪದ ಕಾವು ಇರಬೇಕು ಎಂದೆ. ಹೇಳಿದ ನನಗೇ ನಂಬಿಕೆ ಬರಲಿಲ್ಲ.

ಸಿದ್ಧರಾಮನ ಮುಖ ಹಿಟ್ಟಿಗಿಂತ ಬೆಳ್ಳಗಾಗಿತ್ತು. ಸರ ನಮ್ಮದು, ಕಳೆದದ್ದು ಸಿಕ್ಕಿತು, ನನ್ನದೂ ತಂಗಿಯದೂ ಫಿರ್ಯಾದ ಇಲ್ಲ, ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಭೀಮಶಾಗೆ ಕೈ ಮುಗಿದ. ದೀಪಾಲಿ ನೆಲ ನೋಡುತ್ತ ತಲೆಯಾಡಿಸಿದಳು. ಎಲ್ಲರೂ ಉಸಿರು ಬಿಟ್ಟರು.

ನಾನು ಬಿಡಲಿಲ್ಲ. ಸರದ ಮಾತು ನಿಮ್ಮದು, ಚೀಲದ ಮಾತು ಈ ಹುಡುಗಿಯದು ಎಂದೆ. ಇನ್ನೊಬ್ಬರನ್ನು ಸಿಕ್ಕಿಸಲು ಸುಳ್ಳು ಸಾಕ್ಷಿ ಇಡುವುದೂ ಗುನ್ಹೆಯೇ. ಓಣಿಯೆದುರು ಅವಳನ್ನು ಕಳ್ಳಿ ಮಾಡಿದಿರಿ, ಓಣಿಯೆದುರೇ ಅವಳನ್ನು ಕೇಳಿರಿ.

ಭೀಮಶಾ ಪೆನ್ನು ತೆಗೆದು ಮನಿಷಾಳ ಕಡೆ ತಿರುಗಿದ. "ಫಿರ್ಯಾದ ಬರಕೊಳ್ಳಲೇನವಾ? ನೀ ಹೇಳಿಧಾಂಗ."

ಬಾಗಿಲ ತುಂಬ ಜನ. ಹೊತ್ತು ಮುಳುಗಿ ಒಳಗೆ ಕತ್ತಲಾಗಿತ್ತು, ದೀಪ ಒಂದೇ. ಅಣ್ಣ-ತಂಗಿ ಗೋಡೆಗಂಟಿ ನಿಂತಿದ್ದರು. ಶೈಲಶ್ರೀ ತಲೆ ಎತ್ತಲಿಲ್ಲ. ಮನಿಷಾ ತನ್ನ ಚೀಲ ಹೆಗಲಿಗೇರಿಸಿ, ಅವಳೆದುರು ಹೋಗಿ ನಿಂತಳು. "ವೈನಿ" ಎಂದು, ಅತ್ತಿಗೆಯನ್ನು ಕರೆಯುವಂತೆ ಕರೆದು, ಒಂದೇ ಒಂದು ಮಾತು ಹೇಳಿದಳು. ಭೀಮಶಾ ನಂಬಲಾರದೆ ಎರಡು ಸಲ ಕೇಳಿದ: ಖರೇನ? ಅವಳು ಎರಡು ಸಲವೂ ಹೂಂ ಎಂದಳು.

ಏನಂದಿರಬೇಕು, ಬರೆಸುತ್ತೇನೆ ಎಂದೋ, ಬಿಟ್ಟೆ ಎಂದೋ? ನೀವು ಹೇಳಿ. ಅವಮಾನ ನಿಮಗಾಗಿದ್ದರೆ, ಪೆನ್ನು ನಿಮ್ಮ ಮಾತಿಗೆ ಕಾಯುತ್ತಿದ್ದರೆ? ಜಗತ್ತಿನ ಎಲ್ಲ ಮನಸ್ಸನ್ನೂ ಓದಬಲ್ಲ ನಾನೂ ಆ ಹೊತ್ತಿಗೆ ಒಂದು ಊಹೆ ಮಾಡಿದ್ದೆ. ಅದು ತಪ್ಪಿತ್ತು.